ಕುರಿಗಾಹಿಯ ಗುಹೆ

ಚೀನಾದ ವಾಯವ್ಯ ಭಾಗದಲ್ಲಿ ಗಾನ್ಸು ಎಂಬ ಪ್ರಾಂತ್ಯವಿದೆ. ಅಲ್ಲಿಯ ಜಿಂಗ್‌ತಾಯ್ ಸೀಮೆಯಲ್ಲಿ, ಹಳದಿ ನದಿಯ ಮಗ್ಗುಲಿಗೆ, ಕಲ್ಲಿನ ಕಂಬಗಳೇ ಕಾಡಾಗಿ ಎದ್ದು ನಿಂತ ಬೋಳು ಬೆಟ್ಟಗಳ ಸಾಲು. 2021ರ ಮೇ 22ರಂದು ಬೆಳಿಗ್ಗೆ 9 ಗಂಟೆಗೆ ಅಲ್ಲಿ 100 ಕಿಲೋಮೀಟರ್ ಓಟ ಶುರುವಾಯಿತು. ಓಡಲು ಹೊರಟವರು 172 ಮಂದಿ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಆಲಿಕಲ್ಲು ಬಿತ್ತು, ಕೊರೆಯುವ ಮಳೆ ಸುರಿಯಿತು, ನಿಂತವರನ್ನು ನಿಲ್ಲಗೊಡದ ಗಾಳಿ ಎದ್ದಿತು. ಮರುದಿನ ಹುಡುಕಾಟ ಮುಗಿದಾಗ 21 ಮಂದಿ ತೀರಿಕೊಂಡಿದ್ದರು.

ಅವರೇನೂ ಹೊಸಬರಲ್ಲ. ಲಿಯಾಂಗ್ ಜಿಂಗ್ ಚೀನಾದ ದೂರದ ಓಟಗಾರರಲ್ಲಿ ಅಗ್ರಗಣ್ಯರು. ಗೋಬಿ ಮರುಭೂಮಿಯಲ್ಲಿ 400 ಕಿಲೋಮೀಟರ್ ಓಡಿ ಗೆದ್ದವರು. ಹುವಾಂಗ್ ಗುವಾನ್‌ಜುನ್ ಕಿವಿ ಕೇಳದವರು, ಮಾತು ಬಾರದವರು. 2019ರ ಅಲ್ಲಿನ ರಾಷ್ಟ್ರೀಯ ಅಂಗವಿಕಲರ ಕ್ರೀಡಾಕೂಟದಲ್ಲಿ ಮ್ಯಾರಥಾನ್ ಗೆದ್ದಿದ್ದರು. ಇಂಥ ಕಾಲುಗಳು, ಇಂಥ ಎದೆಗಾರಿಕೆ ಇದ್ದವರೂ ಆ ಬೆಟ್ಟದಿಂದ ಇಳಿದು ಬರಲಿಲ್ಲ.

ಏನಾಯಿತು ಅಲ್ಲಿ? ಹಿಂದಿನ ದಿನವೇ ಬಿರುಗಾಳಿಯ ಮುನ್ಸೂಚನೆ ಬಂದಿತ್ತು. ದಾರಿಯ ಎರಡನೆಯ ಮತ್ತು ಮೂರನೆಯ ತಂಗುದಾಣಗಳ ನಡುವೆ ಸುಮಾರು ಸಾವಿರ ಮೀಟರ್ ಕಡಿದಾದ ಏರು. ಅಲ್ಲಿಗೆ ವಾಹನ ಹೋಗುವಂತಿಲ್ಲ, ಮೇಲೆ ಬಿಸಿ ನೀರಿನ ಅನುಕೂಲವೂ ಇಲ್ಲ. ಗಾಳಿ ತಡೆಯುವ ಜಾಕೆಟ್ಟು ಕಡ್ಡಾಯದ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಎಷ್ಟೋ ಮಂದಿ ಅದನ್ನು ಚೀಲಕ್ಕೆ ತುಂಬಿ, ಸಂಜೆಯ ಹೊತ್ತಿಗೆ ತಾವು ತಲುಪಬೇಕಿದ್ದ ಮುಂದಿನ ತಂಗುದಾಣಕ್ಕೆ ಕಳಿಸಿಬಿಟ್ಟಿದ್ದರು. ಜಾಕೆಟ್ಟು ಮುಂದಿತ್ತು, ಮಳೆ ಮೊದಲು ಬಂತು. ತನಿಖೆ ನಡೆಯಿತು, ಅಧಿಕಾರಿಗಳಿಗೆ ಶಿಕ್ಷೆಯೂ ಆಯಿತು. ಆಗಬೇಕಾದದ್ದೇ.

ಆದರೆ ಈ ಬೆಳಗಿನ ಹೊತ್ತು ನೆನೆಯಬೇಕಾದವರು ಇನ್ನೊಬ್ಬರಿದ್ದಾರೆ. ಅವರ ಹೆಸರು ಝು ಕೆಮಿಂಗ್. ಆ ಬೆಟ್ಟದಲ್ಲೇ ಕುರಿ ಮೇಯಿಸುವವರು.

ಹವೆ ಕೆಟ್ಟಾಗ ಆಸರೆಯಾಗಲೆಂದು ಝು ಅಲ್ಲಿನ ಒಂದು ಗುಹೆಯಲ್ಲಿ ಮೊದಲೇ ಹೊದಿಕೆ, ಬಟ್ಟೆ, ತಿನ್ನಲು ಒಂದಿಷ್ಟು ಆಹಾರ ಇಟ್ಟುಕೊಂಡಿದ್ದರು. ಆ ದಿನ ಗಾಳಿ ಏಳುತ್ತಲೇ ಅವರು ಗುಹೆ ಸೇರಿದರು. ಹೊರಗೆ ಒಬ್ಬ ಓಟಗಾರ ಕಾಲು ಸೆಟೆದು ನಿಂತದ್ದು ಕಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವನನ್ನು ಒಳಗೆ ಕರೆತಂದು ಕೈಕಾಲು ತಿಕ್ಕಿದರು, ಬೆಂಕಿ ಹೊತ್ತಿಸಿದರು, ಒದ್ದೆ ಬಟ್ಟೆ ಒಣಗಿಸಿದರು. ಅಷ್ಟರಲ್ಲಿ ಇನ್ನೂ ನಾಲ್ವರು ಬಂದರು. ಮೇಲೆ ಮತ್ತಷ್ಟು ಜನ ಬಿದ್ದಿದ್ದಾರೆಂದು ಅವರು ಹೇಳಿದಾಗ ಝು ಮತ್ತೆ ಮಳೆಗೆ ಇಳಿದರು. ನೆಲಕ್ಕೆ ಕುಸಿದು ಎಚ್ಚರ ತಪ್ಪಿದ್ದ ಒಬ್ಬನನ್ನು ಗುಹೆಗೆ ತಂದು ಹೊದಿಕೆಯಲ್ಲಿ ಸುತ್ತಿ ಮಲಗಿಸಿದರು. ಒಟ್ಟು ಆರು ಜೀವ ಉಳಿಯಿತು. ಆಮೇಲೆ ಸುದ್ದಿಗಾರರು ಮೈಕು ಹಿಡಿದಾಗ ಅವರು ತಮ್ಮ ಕೆಲಸವನ್ನು ದೊಡ್ಡದೆಂದು ಹೇಳಿಕೊಳ್ಳಲಿಲ್ಲ. ಉಳಿಸಲಾಗದವರ ನೆನಪಲ್ಲಿ ನೊಂದುಕೊಂಡರು.

ಇಲ್ಲಿ ಮೈಯ ಒಂದು ಗುಟ್ಟನ್ನು ತಿಳಿಯಬೇಕು. ಓಡುತ್ತಿರುವಷ್ಟು ಹೊತ್ತು ಸ್ನಾಯುಗಳೇ ಒಲೆಯಂತೆ ಕಾವು ಕೊಡುತ್ತವೆ. ದಣಿದು ಹೆಜ್ಜೆ ನಿಧಾನವಾದೊಡನೆ ಕಾವು ಇಳಿಯುತ್ತದೆ. ಒದ್ದೆ ಬಟ್ಟೆಯೂ ಗಾಳಿಯೂ ಸೇರಿ ಉಳಿದದ್ದನ್ನು ಬಾಚಿಕೊಂಡು ಹೋಗುತ್ತವೆ. ಮೈಯೊಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಅಪಾಯ ಶುರು. ಮೊದಲು ನಡುಕ. ಬಳಿಕ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ, ಜಿಪ್ಪು ಎಳೆಯಲೂ ಆಗುವುದಿಲ್ಲ. ನಾಲಿಗೆ ತೊದಲುತ್ತದೆ. ಇನ್ನೂ ಕೆಳಗಿಳಿದರೆ ನಡುಕವೇ ನಿಂತುಹೋಗುತ್ತದೆ. ಸೆಕೆಯಾಗುತ್ತಿದೆ ಎಂಬ ಭ್ರಮೆಯಲ್ಲಿ ಕೆಲವರು ಇದ್ದ ಬಟ್ಟೆಯನ್ನೂ ಕಿತ್ತೆಸೆಯುತ್ತಾರೆ. ‘ಸಾಕು, ಹಿಂದಿರುಗು’ ಎಂದು ಹೇಳಬೇಕಾದ ಬುದ್ಧಿಯೇ ಆ ಹೊತ್ತಿಗೆ ಮಂಕಾಗಿರುತ್ತದೆ.

ಆದ್ದರಿಂದಲೇ ಅಂಥ ತೀರ್ಮಾನವನ್ನು ಬೆಟ್ಟದ ಮೇಲೆ ಮಾಡುತ್ತೇನೆ ಎಂದುಕೊಳ್ಳುವುದು ದೊಡ್ಡ ತಪ್ಪು. ಅದನ್ನು ಮನೆಯಲ್ಲಿ, ಬಿಸಿಲಿರುವಾಗ, ತಲೆ ತಿಳಿಯಾಗಿರುವಾಗ ಮಾಡಿ ಮುಗಿಸಿರಬೇಕು. ಝು ಅವರ ಗುಹೆಯ ಹೊದಿಕೆ ಹಾಗೆ ಮೊದಲೇ ಮಾಡಿಟ್ಟ ತೀರ್ಮಾನ. ಬೆಟ್ಟ ಗೊತ್ತಿದ್ದುದರಿಂದಲೇ ಅವರು ಬೆಟ್ಟವನ್ನು ನೆಚ್ಚಿ ಕೂರಲಿಲ್ಲ. ತಮಗೆಂದು ಇಟ್ಟುಕೊಂಡದ್ದು ಆರು ಮಂದಿ ಅಪರಿಚಿತರಿಗೂ ಒದಗಿತು. ಮುಂಜಾಗ್ರತೆಯನ್ನು ಅಂಜುಬುರುಕುತನವೆಂದು ಹೀಗಳೆಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಅದೇ ಓಟದಲ್ಲಿ ಬದುಕಿ ಬಂದ ಒಬ್ಬರು ಆಮೇಲೆ ತಮ್ಮ ಅನುಭವ ಬರೆದರು. ಏರಿನಲ್ಲಿ ಅವರ ಬೆರಳುಗಳಿಗೆ ಸ್ಪರ್ಶವೇ ತಿಳಿಯದಾಯಿತು. ಬೆರಳನ್ನು ಬಾಯೊಳಗಿಟ್ಟು ಬೆಚ್ಚಗೆ ಮಾಡಲು ನೋಡಿದರು. ನಾಲಿಗೆಯೂ ತಣ್ಣಗಿತ್ತು. ಅಲ್ಲಿಗೆ ಅವರು ಓಟ ಬಿಟ್ಟರು, ತಿರುಗಿ ಕೆಳಗಿಳಿದರು. ವರ್ಷಗಟ್ಟಲೆ ತಯಾರಾಗಿ ಬಂದವರಿಗೆ ಆ ಒಂದು ತಿರುವು ಎಷ್ಟು ಕಷ್ಟವೆಂದು ಓಡುವವರಿಗೇ ಗೊತ್ತು. ಗೆದ್ದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮನೆಯ ಊಟದ ಸಾಲಿನಲ್ಲಿ ಅವರಿದ್ದಾರೆ.

ಅದು ಸ್ಪರ್ಧೆ. ಹುಡುಕಲು ಜನವಾದರೂ ಹೊರಟರು. ಒಬ್ಬರೇ ಅಭ್ಯಾಸಕ್ಕೆಂದು ಹೊರಟಾಗ ಅದೂ ಇಲ್ಲ. ಈಗ ಕರ್ನಾಟಕದಲ್ಲೂ ಭಾನುವಾರ ನಸುಕಿನಲ್ಲಿ ಎದ್ದು ನಂದಿಬೆಟ್ಟದ ಕಡೆಗೋ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲೋ ಇಪ್ಪತ್ತು, ಮೂವತ್ತು ಕಿಲೋಮೀಟರ್ ಓಡುವವರಿದ್ದಾರೆ. ನಮ್ಮಲ್ಲಿ ಅಂಥ ಕೊರೆಯುವ ಚಳಿಯ ಭಯ ಕಡಿಮೆ, ಸಿಡಿಲಿನ ಭಯವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚೆ ಬರುವ ಗುಡುಗು ಮಳೆಗೆ ಪ್ರತಿವರ್ಷ ಹೊಲದಲ್ಲಿ ದುಡಿಯುವವರು, ಕುರಿ ಕಾಯುವವರು ಬಲಿಯಾಗುತ್ತಾರೆ. ಮಳೆಗೆಂದು ಮರದಡಿ ನಿಂತು ಸತ್ತವರು ಅವರಲ್ಲಿ ಅನೇಕರು. ಇನ್ನು ಮಳೆ, ಗಾಳಿಗೆ ಮುಂಜಾಗ್ರತೆಯೆಂದು ನಮ್ಮ ಕುರಿಗಾಹಿಗಳ ಹೆಗಲ ಮೇಲೆ ಬಿಸಿಲಿದ್ದರೂ ಕಂಬಳಿ ಇರುತ್ತದೆ. ಮಳೆ ಬಂದರೆ ಅದೇ ಕೊಪ್ಪೆ; ಉಣ್ಣೆ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ದುಬಾರಿ ಬೂಟು ಕೊಳ್ಳುವ ಓಟಗಾರರು ಒಂದು ತೆಳು ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಹಿಂಜರಿಯಬೇಕಿಲ್ಲ.

ಓಡುವ ಅಭ್ಯಾಸವಿರುವ ಕೇಳುಗರಲ್ಲಿ, ಅವರ ಮನೆಯವರಲ್ಲಿ ಒಂದು ಕೋರಿಕೆ. ಹೊರಡುವ ಮುನ್ನ ಹವಾಮಾನದ ವರದಿ ನೋಡಿ. ಸಿಡಿಲಿನ ಎಚ್ಚರಿಕೆಗೆ ಪುಣೆಯ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’ ಆ್ಯಪ್ ಇದೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ. ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯುವಷ್ಟು ಹತ್ತಿರವೇ ಇದೆ ಎಂದು ತಿಳಿದು ಪಕ್ಕಾ ಕಟ್ಟಡವನ್ನೋ ಗಾಜು ಏರಿಸಿದ ಕಾರನ್ನೋ ಸೇರಿ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಅಲ್ಲೇ ಇರಿ. ಮತ್ತು ಓಟವನ್ನು ಅರ್ಧಕ್ಕೆ ಬಿಟ್ಟು ನೆನೆದು ಮನೆಗೆ ಬಂದವರನ್ನು ‘ಯಾಕೆ ಮುಗಿಸಲಿಲ್ಲ’ ಎಂದು ದಯವಿಟ್ಟು ಕೇಳಬೇಡಿ. ಒಣ ಬಟ್ಟೆ ಕೊಡಿ, ಬಿಸಿಯಾಗಿ ಏನಾದರೂ ಕುಡಿಯಲು ಕೊಡಿ.