ಮರುಭೂಮಿಯ ಕಾರಂಜಿ, ಕೋಣನಕುಂಟೆಯ ಟ್ಯಾಂಕರ್

ಲಾಸ್ ವೇಗಸ್‌ಗೆ ಹೋಗಿ ಕೋಣನಕುಂಟೆಗೆ ವಾಪಸ್ ಬಂದವನನ್ನು ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಎಷ್ಟು ಕಳ್ಕೊಂಡ್ರಿ?’

ಸ್ವಾಮಿ, ನಾನು ಜೂಜಾಡಲಿಲ್ಲ. ನಾನು ಹೊಕ್ಕ ಕ್ಯಾಸಿನೋದಲ್ಲಿ ಒಂದು ಗಡಿಯಾರವೂ ಕಾಣಲಿಲ್ಲ. ಅರ್ಧ ಗಂಟೆಗೇ ಸಾಕಾಗಿ ಹೊರಗೆ ಬಂದೆ. ಬೆಲಾಜಿಯೋ ಹೋಟೆಲಿನ ಮುಂದೆ ಕಾರಂಜಿ ಹಾಡಿಗೆ ತಕ್ಕಂತೆ ಕುಣೀತಿತ್ತು. ವರ್ಷಕ್ಕೆ ಸುಮಾರು ನಾಲ್ಕೇ ಇಂಚು ಮಳೆ ಬೀಳೋ ಊರು! 2024ರ ಮಾರ್ಚ್‌ನಲ್ಲಿ ನಮ್ಮ ಜಲಮಂಡಳಿ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಾಯ್ತು. ಹೊಟ್ಟೆ ಉರೀತು.

ಮರುದಿನ ಹೂವರ್ ಅಣೆಕಟ್ಟು ನೋಡಲು ಹೋದೆವು. ಸುತ್ತ ಬೋಳು ಬೆಟ್ಟಗಳು, ನಡುವೆ ಕೊಲರಾಡೋ ನದಿಯ ನೀರು ತುಂಬಿದ ನೀಲಿ ಮೀಡ್ ಸರೋವರ. ಬಂಡೆಗಳ ಮೇಲೆ ಅಗಲವಾದ ಬಿಳಿ ಪಟ್ಟಿ. ನೀರು ಹಿಂದೆ ಅಲ್ಲೀತನಕ ಇತ್ತಂತೆ. 1930ರ ದಶಕದಲ್ಲಿ ತುಂಬಿಸಿದ ಮೇಲೆ ಎಂದೂ ಇಲ್ಲದಷ್ಟು ಅದು 2022ರಲ್ಲಿ ಇಳಿದಿತ್ತು.

ಅಸಲಿ ವಿಷಯ ಗೊತ್ತಾಗಿದ್ದು ಅಲ್ಲಿ. ವೇಗಸ್‌ನಲ್ಲಿ ಮನೆ, ಹೋಟೆಲುಗಳ ಒಳಗೆ ಬಳಸಿದ ನೀರು ಹೆಚ್ಚುಕಡಿಮೆ ಪೂರ್ತಿ ಶುದ್ಧವಾಗಿ ಮರುಬಳಕೆ ಆಗುತ್ತೆ. ಬಹುಪಾಲು ಇದೇ ಸರೋವರಕ್ಕೆ ವಾಪಸ್. ನನ್ನ ಹೊಟ್ಟೆ ಉರಿಸಿದ ಕಾರಂಜಿಯದ್ದು ಹಳೇ ಗಾಲ್ಫ್ ಮೈದಾನದ ಬಾವಿ ನೀರು. ಅಂಗಳದ ಹುಲ್ಲು ಕಿತ್ತರೆ ದುಡ್ಡು ಬೇರೆ ಕೊಡ್ತಾರೆ!

ಇಲ್ಲಿ? ಸುಮಾರು 100 ಕಿಲೋಮೀಟರ್ ದೂರದಿಂದ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪ್ ಆಗಿ ಕಾವೇರಿ ಬರೋದು ನಮ್ಮ ಕನಕಪುರ ರಸ್ತೆ ಕಡೆಯಿಂದಲೇ. ‘ಸ್ನಾನ ಮಾಡಿದ ನೀರು ಎಲ್ಲಿಗೆ ಹೋಗುತ್ತೆ?’ ಅಂತ ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ. ಸಭೆ ಕರೆದಿದ್ದು ಟ್ಯಾಂಕರ್ ದರದ ಜಗಳ ಬಿಡಿಸೋಕೆ.