ಫಾರ್ವರ್ಡಿಗೆ ಸನದು ಎಲ್ಲಿದೆ?



ಅಂತರ್ಜಾಲ ವರವೋ ಶಾಪವೋ ಎಂದು ಶಾಲೆಗಳಲ್ಲಿ ಚರ್ಚಾಸ್ಪರ್ಧೆ ನಡೆಯುತ್ತಲೇ ಇರುತ್ತದೆ. ಆ ಪ್ರಶ್ನೆ ಮಕ್ಕಳಿಗಿರಲಿ. ನಾನು ಅದಕ್ಕಿಂತ ಸಣ್ಣದೊಂದನ್ನು ಕೇಳುತ್ತೇನೆ. ನಿಮ್ಮ ಮೊಬೈಲಿಗೆ ಬಂದ ಸುದ್ದಿಯನ್ನು ಹೇಳಿದವರು ಯಾರು? ಕಳಿಸಿದವರಲ್ಲ, ಹೇಳಿದವರು.

ಹದೀಸ್ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಇಂಥವರು ಇಂಥವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂಬ ಸರಪಳಿಗೆ ಸನದು ಎನ್ನುತ್ತೇವೆ. ಇಮಾಮ್ ಬುಖಾರಿ (ಕ್ರಿ.ಶ. 810–870) ಅವರಂಥ ವಿದ್ವಾಂಸರು ಮಾತನ್ನು ಮಾತ್ರ ನೋಡಲಿಲ್ಲ. ಅದನ್ನು ಹೊತ್ತು ತಂದವರ ಪ್ರಾಮಾಣಿಕತೆ, ನೆನಪು, ಅವರಿಬ್ಬರೂ ಭೇಟಿಯಾಗಿದ್ದರೇ ಎಂಬುದನ್ನೂ ಪರಿಶೀಲಿಸಿದರು. ನಡುವಿನ ಒಂದು ಕೊಂಡಿ ಕಡಿದಿದ್ದರೆ ಮಾತು ಎಷ್ಟೇ ಚೆಂದವಿರಲಿ, ಅದು ದುರ್ಬಲ. ಸುದ್ದಿ ತಂದವನು ನಂಬಿಕಸ್ಥನಲ್ಲದಿದ್ದರೆ ವಿಚಾರಿಸಿ ನೋಡಬೇಕೆಂದು ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಆದೇಶಿಸುತ್ತದೆ.

ಕಂಪ್ಯೂಟರಿನಲ್ಲೂ ಸನದು ಇಡಬಹುದು. 2000ದ ದಶಕದ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂದಾಗ ಕೈಬರಹದ ಪಹಣಿ ಹೋಗಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ದಾಖಲೆ ತಿದ್ದುವ ನೌಕರ ತನ್ನ ಬೆರಳಚ್ಚು ಕೊಟ್ಟೇ ಯಂತ್ರದ ಮುಂದೆ ಕೂರಬೇಕಿತ್ತು. ಯಾರು ತಿದ್ದಿದರೆಂಬುದು ಒಳಗೇ ಉಳಿಯುತ್ತಿತ್ತು. ವಾಟ್ಸಾಪಿನ ಸಂದೇಶದಲ್ಲಿ ಅದಿಲ್ಲ. 2018ರಿಂದ 'ಫಾರ್ವರ್ಡೆಡ್' ಎಂಬ ಪಟ್ಟಿ ಕಾಣುತ್ತದೆ, ನಿಜ. ಎಲ್ಲಿಂದಲೋ ಬಂತು ಎಂದಷ್ಟೇ ಅದು ಹೇಳುತ್ತದೆ. ಎಲ್ಲಿಂದ ಎಂದು ಹೇಳುವುದಿಲ್ಲ.

ಇದರ ಬೆಲೆಯನ್ನು ನಮ್ಮ ಕುಮಟಾ ತೆತ್ತಿದೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಗಲಭೆಯ ವೇಳೆ ಕಾಣೆಯಾಗಿದ್ದ ಯುವಕನೊಬ್ಬನ ಶವ 8ರಂದು ಕೆರೆಯಲ್ಲಿ ಸಿಕ್ಕಿತು. ಒಂದು ಮನೆ ಮಗನನ್ನು ಕಳೆದುಕೊಂಡಿತ್ತು. ಆ ದುಃಖಕ್ಕೆ ಯಾರೂ ಎರಡು ಮಾತಾಡುವಂತಿಲ್ಲ. ಆದರೆ ಚಿತ್ರಹಿಂಸೆಯ ಭೀಕರ ವರ್ಣನೆಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ದೇಹದ ಮೇಲೆ ಅಂಥ ಗುರುತುಗಳಿಲ್ಲವೆಂಬ ಮಣಿಪಾಲದ ವೈದ್ಯರ ಅಭಿಪ್ರಾಯವನ್ನು ಪೊಲೀಸರು ಬಿಡುಗಡೆ ಮಾಡಿದರು. ಅದು ಅಷ್ಟು ಬೇಗ ಓಡಲಿಲ್ಲ. 11ರಂದು ಕುಮಟಾದಲ್ಲಿ ಕಲ್ಲು ತೂರಾಟ ನಡೆಯಿತು, ಐಜಿಪಿಯವರ ವಾಹನಕ್ಕೇ ಬೆಂಕಿ ಬಿತ್ತು. ಮರುವರ್ಷದ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ. ಈ ಸಾವು ಭಾಷಣಗಳ ವಿಷಯವಾಯಿತು. ಇದು ಕೊಲೆಯಲ್ಲ, ಆಕಸ್ಮಿಕವಾಗಿ ಮುಳುಗಿ ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ಸುದ್ದಿಗೆ ಮೂರು ದಿನ, ತನಿಖೆಗೆ ಸುಮಾರು ಐದು ವರ್ಷ.

ಇದು ಒಂದೇ ಸಮುದಾಯದ ರೋಗವೆಂದು ಭಾವಿಸಬೇಡಿ. ನಮ್ಮ ಮನೆಗಳ ಗುಂಪುಗಳಲ್ಲಿ ವಿದೇಶದ ಹಳೆಯ ವಿಡಿಯೋ 'ನಿನ್ನೆಯದು' ಎಂದು ಬರುವುದಿಲ್ಲವೇ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಹಬ್ಬಿಸಿದ ಸಂದೇಶದಿಂದ ಹೈದರಾಬಾದಿನ ಯುವ ಇಂಜಿನಿಯರೊಬ್ಬರು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ಕಂಪೆನಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಹಾಕಿತು. ಮೊದಲು ಕಳಿಸಿದವರನ್ನು ಗುರುತಿಸಬೇಕೆಂದು ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿತು. ಎಲ್ಲರ ಖಾಸಗಿತನವೂ ಹೋಗುತ್ತದೆಂದು ಕಂಪೆನಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ನನಗೆ ಇಲ್ಲಿ ಕಂಪೆನಿಯ ಆತಂಕವೂ ಸುಳ್ಳೆನಿಸುವುದಿಲ್ಲ. ಎಲ್ಲರ ಪತ್ರ ಒಡೆದು ನೋಡುವ ಅಂಚೆಯವನನ್ನು ಯಾರು ತಾನೇ ಬಯಸುತ್ತಾರೆ?

ಇನ್ನು ಹೊಟ್ಟೆಪಾಡಿನ ಮಾತು. ಭಟ್ಕಳದಿಂದ ಕುಮಟಾದವರೆಗೆ ಗಲ್ಫ್ ನಂಬಿದ ಮನೆಗಳು ಎಷ್ಟೋ. ಮೊದಲು ವೀಸಾ ಎಂದರೆ ಊರಿನವರೊಬ್ಬರ ಜಾಮೀನು ಇರುತ್ತಿತ್ತು, ಮೋಸವಾದರೆ ಕೇಳಲು ಒಂದು ಬಾಗಿಲಿತ್ತು. ಈಗ ಕೆಲಸದ ಜಾಹೀರಾತು ನೇರ ಹುಡುಗನ ಕೈಗೆ ಬರುತ್ತದೆ, ಒಂದು ಫೋನ್ ನಂಬರ್ ಮಾತ್ರ ಜೊತೆಗೆ. ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ಲಕ್ಷ ಕೇಳಿದರೆ ಅಲ್ಲೇ ಗೊತ್ತಾಗಬೇಕು. ಈ ರಜೆಯಲ್ಲಿ ಮನೆಯ ಮಕ್ಕಳಿಂದ ಆ ಪಟ್ಟಿಯನ್ನು ಒಮ್ಮೆ ತೆರೆಸಿ, ನಿಮಗೆ ಬಂದಿರುವ ಏಜೆಂಟನ ಹೆಸರು ಅದರಲ್ಲಿದೆಯೇ ಎಂದು ಹುಡುಕಿಸಿ. ಹಣ ಕಳಿಸುವುದು ಅದಾದ ಮೇಲೆ.