ನಿಮ್ಮ ಬರಹಕ್ಕೊಂದು ಸ್ವಂತ ವಿಳಾಸ

ಈ ವಾರ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನೀವು ಇಲ್ಲಿವರೆಗೆ ಆನ್‌ಲೈನ್‌ನಲ್ಲಿ ಬರೆದದ್ದೆಲ್ಲ, ಅಂದ್ರೆ ಕವಿತೆ, ಸಿನಿಮಾ ವಿಮರ್ಶೆ, ಟ್ರೆಕ್ಕಿಂಗ್ ಅನುಭವ, ಊರ ಜಾತ್ರೆ ಬಗ್ಗೆ ಹಾಕಿದ ಉದ್ದನೆ ಪೋಸ್ಟ್, ಇದೆಲ್ಲ ಈಗ ಎಲ್ಲಿದೆ? ಹೆಚ್ಚಿನವರು ಹೇಳೋದು: ಸ್ವಲ್ಪ ಇನ್‌ಸ್ಟಾಗ್ರಾಮ್‌ನಲ್ಲಿದೆ, ಸ್ವಲ್ಪ ಫೇಸ್‌ಬುಕ್‌ನಲ್ಲಿದೆ, ಉಳಿದದ್ದು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿತ್ತು, ಹೋಯ್ತು. ಸರಿ, ನಾಳೆ ಬೆಳಗ್ಗೆ ಆ ಅಕೌಂಟ್ ತೆರೆಯಲೇ ಇಲ್ಲ ಅಂತಾದ್ರೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತೆ?

ಇದು ಸುಮ್ಮನೆ ಹೆದರಿಸೋ ಮಾತಲ್ಲ. ಆರ್ಕುಟ್ ಹೆಸರು ನಿಮ್ಮ ಅಣ್ಣಂದಿರು, ಅಕ್ಕಂದಿರಿಗೆ ನೆನಪಿರುತ್ತೆ. ಕನ್ನಡದ ಕಮ್ಯೂನಿಟಿಗಳು ಅಲ್ಲಿ ಬೇಕಾದಷ್ಟಿದ್ದವು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯ್ತು. 2020ರ ಜೂನ್‌ನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯ್ತು. ಕಾರಣ ಒಂದೊಂದು ಸಲ ಒಂದೊಂದು. ಆದ್ರೆ ಕೊನೆಗೆ ಆಗೋದು ಒಂದೇ: ಬರೆದವರು, ವಿಡಿಯೊ ಮಾಡಿದವರು ಹೊರಗೆ ನಿಲ್ತಾರೆ.

ಕಂಪನಿಯೇ ಮುಚ್ಚಬೇಕು ಅಂತೇನೂ ಇಲ್ಲ. ನನ್ನ ಪರಿಚಯದ ಹುಡುಗಿಯೊಬ್ಬಳು ತನ್ನೂರಿನ ಅಜ್ಜಿಯರ ಹತ್ರ ಕೂತು ಸೋಬಾನೆ ಪದಗಳನ್ನ ಕೇಳಿ, ನೇರವಾಗಿ ಒಂದು ಆ್ಯಪ್‌ನಲ್ಲೇ ಟೈಪ್ ಮಾಡ್ತಿದ್ಲು. ಒಂದು ದಿನ ಅಕೌಂಟ್ ಲಾಕ್ ಆಯ್ತು. ಮೇಲ್ ಮೇಲೆ ಮೇಲ್ ಕಳಿಸಿದ್ಲು, ಉತ್ತರವಿಲ್ಲ. ಬೇರೆ ಕಡೆ ಕಾಪಿ ಇರಲಿಲ್ಲ. ಹೋಗಿ ಮತ್ತೆ ಕೇಳೋಣ ಅಂದ್ರೆ, ಹಾಡಿದ ಅಜ್ಜಿಯರಲ್ಲಿ ಇಬ್ಬರು ಈಗ ಇಲ್ಲ.

ಹಾಗಾಗಿ ನಾನು ಇವತ್ತು ಹೇಳೋದು ಇಷ್ಟೇ. ಮೂರು ಸಂಗತಿ ನಿಮ್ಮದಾಗಿರಲಿ: ವಿಳಾಸ, ಬರಹದ ಮೂಲ ಫೈಲ್, ಮತ್ತು ಅದರ ನಕಲು. ಉಳಿದದ್ದೆಲ್ಲ ಬಾಡಿಗೆ ಮನೆ ಇದ್ದ ಹಾಗೆ. ಬೇಡ ಅನ್ನಿಸಿದ್ರೆ ಸಾಮಾನು ತಗೊಂಡು ಹೊರಡಬಹುದು.

ಮೊದಲು ವಿಳಾಸ. ನಿಮ್ಮ ಹೆಸರಿನ ಒಂದು ಡಾಟ್ ಇನ್ ಅಥವಾ ಡಾಟ್ ಕಾಮ್ ಡೊಮೇನ್‌ಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿ ಆಸುಪಾಸು ಖರ್ಚು. ಇಲ್ಲಿ ಎರಡು ಎಚ್ಚರ. ಮೊದಲ ವರ್ಷ 99 ರೂಪಾಯಿ ಅನ್ನೋ ಆಫರ್ ಕಂಡರೆ, ಎರಡನೇ ವರ್ಷದ ರಿನೀವಲ್ ಎಷ್ಟು ಅಂತ ಮೊದಲು ನೋಡಿ. ಇನ್ನೊಂದು, ವೆಬ್‌ಸೈಟ್ ಮಾಡಿಕೊಡೋರು ಡೊಮೇನನ್ನ ಅವರ ಹೆಸರಲ್ಲೇ ತಗೊಂಡುಬಿಡ್ತಾರೆ. ಹಾಗಾಗಬಾರದು. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಪಾಸ್‌ವರ್ಡ್ ಇರಲಿ. ಆಟೋ ರಿನೀವಲ್ ಆನ್ ಮಾಡಿ, ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಡೊಮೇನ್ ಅವಧಿ ಮುಗಿದು ಕೈ ತಪ್ಪಿದ್ರೆ ಬೇರೆ ಯಾರು ಬೇಕಾದ್ರೂ ಕೊಂಡುಕೊಳ್ಳಬಹುದು.

ದುಡ್ಡು ಹಾಕೋಕೆ ಈಗ ಆಗಲ್ಲ ಅನ್ನೋರು ಬ್ಲಾಗರ್‌ನಲ್ಲೋ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೋ ಉಚಿತವಾಗಿ ಶುರು ಮಾಡಿ. ಎರಡೂ ಫೋನ್‌ನಿಂದಲೇ ನಡೆಯುತ್ತೆ. ಎರಡರಲ್ಲೂ ನಿಮ್ಮ ಬರಹವನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳೋ ಸೌಲಭ್ಯ ಇದೆ. ಯಾವುದೇ ಸೇವೆ ಸೇರೋ ಮುಂಚೆ ಈ ಒಂದನ್ನ ಕೇಳಿಕೊಳ್ಳಿ: ಒಳಗೆ ಹೋಗೋದು ಸುಲಭ, ಹೊರಗೆ ಬರೋ ಬಾಗಿಲು ಎಲ್ಲಿದೆ? ಸ್ವಲ್ಪ ಕೋಡಿಂಗ್ ಗೊತ್ತಿರೋರಿಗೆ ಗಿಟ್‌ಹಬ್ ಪೇಜಸ್ ಇದೆ, ಅದೂ ಉಚಿತ. ಹ್ಯೂಗೊ, ಜೆಕಿಲ್ ಥರದ ಸಾಧನಗಳು ಬರೀ ಪಠ್ಯದ ಫೈಲ್‌ಗಳಿಂದ ಇಡೀ ಸೈಟ್ ಕಟ್ಟಿಕೊಡ್ತವೆ. ಡೇಟಾಬೇಸ್ ಇಲ್ಲದಿರೋದ್ರಿಂದ ಕೆಡೋದೂ ಕಡಿಮೆ, ಹ್ಯಾಕ್ ಆಗೋದೂ ಕಡಿಮೆ.

ಎರಡನೇದು ಮೂಲ ಫೈಲ್. ಬ್ರೌಸರ್‌ನಲ್ಲೋ ಆ್ಯಪ್‌ನಲ್ಲೋ ನೇರ ಬರೀಬೇಡಿ. ಮೊದಲು ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಬರೀರಿ. ತಲೆಬರಹ, ದಪ್ಪಕ್ಷರ ಬೇಕು ಅಂದ್ರೆ ಮಾರ್ಕ್‌ಡೌನ್ ಕಲೀರಿ. 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ ಸರಳ ಪದ್ಧತಿ ಅದು. ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿ ಒಂದು ಸ್ಪೇಸ್ ಬಿಟ್ಟರೆ ತಲೆಬರಹ, ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಹಾಕಿದ್ರೆ ದಪ್ಪಕ್ಷರ. ಅರ್ಧ ಗಂಟೆಯಲ್ಲಿ ಬರುತ್ತೆ.

ಸಾದಾ ಫೈಲ್ ಯಾಕೆ ಅಂತ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ವರ್ಷದ ಹಿಂದೆ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲೊಂದನ್ನ ನಿಮ್ಮ ಮೊಬೈಲ್‌ನಲ್ಲಿ ತೆರೆದು ನೋಡಿ. ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರ್ತವೆ. ಬರಹ ಇದೆ, ಓದೋಕೆ ಆಗಲ್ಲ. ಈಗ ಫೋನ್ ಕೀಬೋರ್ಡ್‌ನಲ್ಲಿ ನೀವು ಹೊಡೆಯೋದು ಯೂನಿಕೋಡ್. ಅದನ್ನ ಸಾದಾ ಫೈಲ್‌ನಲ್ಲಿಟ್ಟರೆ ಯಾವ ಫೋನ್, ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯುತ್ತೆ.

ಮೂರನೇದು ನಕಲು. ತಿಂಗಳ 1ನೇ ತಾರೀಕು ಫೋನ್‌ನಲ್ಲಿ ಒಂದು ರಿಮೈಂಡರ್ ಇಡಿ. ಅವತ್ತು ಸೈಟ್‌ನ ಬರಹವೆಲ್ಲ ಇಳಿಸಿ, ಒಂದು ಕಾಪಿ ಪೆನ್‌ಡ್ರೈವ್‌ಗೆ, ಒಂದು ಕಾಪಿ ಬೇರೊಂದು ಕ್ಲೌಡ್‌ಗೆ. ಜಾಗ ಸಾಕಾಗಲ್ಲ ಅನ್ನೋ ಚಿಂತೆ ಬೇಡ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಸಾವಿರ ಪದದ ಲೇಖನ ಅಂದ್ರೆ ಸುಮಾರು 25 ಕೆಬಿ. ನಿಮ್ಮ ಫೋನ್ ತೆಗೆಯೋ 3 ಎಂಬಿಯ ಒಂದು ಫೋಟೊ ಇರೋ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಲೇಖನ ಹಿಡಿಸುತ್ತೆ!

ಫೋಟೊ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಸೈಟ್‌ಗೆ ಹಾಕೋ ಮುಂಚೆ ಅಗಲವನ್ನ 1200 ಪಿಕ್ಸೆಲ್‌ಗೆ ಇಳಿಸಿ. ನೆಟ್‌ವರ್ಕ್ ಕಡಿಮೆ ಇರೋ ಕಡೆ ಓದೋರಿಗೆ ಇದು ದೊಡ್ಡ ಉಪಕಾರ. ಫೋಟೊ ಒಳಗೆ ಲೊಕೇಶನ್ ಮಾಹಿತಿ ಅಡಗಿರಬಹುದು, ಅದನ್ನ ತೆಗೆದೇ ಹಾಕಿ. ಮನೆಯಲ್ಲಿ ತೆಗೆದ ಚಿತ್ರ ಆದ್ರಂತೂ ಖಂಡಿತ.

ಇನ್ನು ಅಭ್ಯಾಸಗಳು. ಮೊದಲು ನಿಮ್ಮ ಜಾಗದಲ್ಲಿ ಹಾಕಿ, ಆಮೇಲೆ ಲಿಂಕನ್ನ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್‌ಗೆ ಹಂಚಿ. ಜನ ಇರೋದು ಅಲ್ಲೇ, ಅವರನ್ನ ಬಿಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಮೂಲ ನಿಮ್ಮ ಹತ್ರ ಇರಲಿ.

ಒಂದು ಸಲ ಕೊಟ್ಟ ಲಿಂಕ್ ಬದಲಾಯಿಸಬೇಡಿ. ಯಾರೋ ಎರಡು ವರ್ಷದ ಹಿಂದೆ ಹಂಚಿಕೊಂಡ ಲಿಂಕ್ ಇವತ್ತೂ ತೆರೆಯಬೇಕು. ಲಿಂಕ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಇದ್ರೆ ಒಳ್ಳೇದು. ಕನ್ನಡದ ಮೇಲೆ ಪ್ರೀತಿ ಕಡಿಮೆ ಅಂತಲ್ಲ. "ಕನ್ನಡ" ಅನ್ನೋ ಒಂದು ಪದ ಲಿಂಕ್‌ನಲ್ಲಿ ಕಾಪಿ ಆಗುವಾಗ ಶೇಕಡಾ ಗುರುತು, ಅಂಕಿ ಎಲ್ಲ ಸೇರಿ 45 ಅಕ್ಷರ ಆಗಿಬಿಡಬಹುದು. ನೋಡಿದವರು ಏನೋ ಫ್ರಾಡ್ ಲಿಂಕ್ ಅಂದುಕೊಳ್ತಾರೆ. ತಲೆಬರಹ, ಬರಹ ಎಲ್ಲ ಕನ್ನಡದಲ್ಲೇ ಇರಲಿ.

ಪ್ರತಿ ಬರಹಕ್ಕೂ ತಾರೀಕು ಹಾಕಿ. "ಬಸ್ ದರ ಇಷ್ಟು" ಅಂತ ಬರೆದಿದ್ರೆ, ಯಾವ ವರ್ಷದ ದರ ಅಂತ ಓದೋರಿಗೆ ಗೊತ್ತಾಗಬೇಕು. ಆರ್‌ಎಸ್‌ಎಸ್ ಫೀಡ್ ಆನ್ ಇರಲಿ. ನೀವು ಬರೆದ ಕೂಡಲೇ, ಯಾವ ಅಲ್ಗಾರಿದಮ್‌ನ ಹಂಗೂ ಇಲ್ಲದೆ ಅದು ಓದುಗರಿಗೆ ತಲುಪುತ್ತೆ. ಈಗ ನೀವು ಕೇಳ್ತಿರೋ ಪಾಡ್‌ಕಾಸ್ಟ್‌ಗಳು ಆ್ಯಪ್‌ಗಳಿಗೆ ಬರೋದೂ ಹೆಚ್ಚಾಗಿ ಇದೇ ದಾರಿಯಲ್ಲಿ. ಮುಖ್ಯವಾದ ಬರಹಗಳನ್ನ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲೂ ಉಳಿಸಿ. ಲಿಂಕ್ ಕೊಟ್ಟರೆ ಸಾಕು, ಪುಟದ ಒಂದು ಪ್ರತಿ ಅಲ್ಲಿ ಸೇರುತ್ತೆ, ಉಚಿತ.

ಕೊನೇದಾಗಿ, ಎಷ್ಟು ಬರೀಬೇಕು? ದಿನಾ ಬರೀತೀನಿ ಅಂತ ಹೊರಟೋರು ತಿಂಗಳೊಳಗೆ ಸುಸ್ತಾಗ್ತಾರೆ. ತಿಂಗಳಿಗೆ ಎರಡು ಸಾಕು. ಥೀಮ್, ಬಣ್ಣ, ಲೋಗೊ ಅಂತ ವಾರಗಟ್ಟಲೆ ಕೂರಬೇಡಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಫೋನ್‌ನಲ್ಲಿ ಕಣ್ಣು ಕಿರಿದು ಮಾಡದೆ ಓದೋ ಗಾತ್ರ. ಇಷ್ಟಿದ್ರೆ ಆಯ್ತು.

ಇವತ್ತು ರಾತ್ರಿ ಒಂದೇ ಕೆಲಸ ಮಾಡಿ. ನಿಮ್ಮ ಹಳೇ ಪೋಸ್ಟ್‌ಗಳಲ್ಲಿ ಕಳೆದುಹೋದ್ರೆ ಬೇಜಾರಾಗುತ್ತೆ ಅನ್ನೋ ಐದನ್ನ ಹುಡುಕಿ, ಕಾಪಿ ಮಾಡಿ, ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇಡಿ. ಡೊಮೇನ್, ಸೈಟ್ ಎಲ್ಲ ಮುಂದಿನ ತಿಂಗಳಾದ್ರೂ ಆಗಲಿ.